ವೈಫೈ ಇದೆ, ನೆಟ್ ಇಲ್ಲ: ಮನೆಯ ಕಂಪ್ಯೂಟರಿನಲ್ಲಿ ದೋಷ ಹುಡುಕುವ ಕ್ರಮ

"ವೈಫೈ ಬರ್ತಾ ಇಲ್ಲ" ಎಂದು ನೆಂಟರ ಮನೆಯಿಂದ ಫೋನ್ ಬಂದರೆ ನಾನು ಮೊದಲು ಕೇಳುವುದು, "ಮೊಬೈಲಲ್ಲಿ ಬರ್ತಾ ಇದೆಯಾ?" ಎಂದು. ಕಂಪ್ಯೂಟರಿನ ದೂರು ಹೇಳಿದರೆ ಇವನು ಮೊಬೈಲ್ ವಿಚಾರಿಸುತ್ತಾನಲ್ಲ ಎಂದು ಅವರಿಗೆ ಅನಿಸುತ್ತದೆ. ಆದರೆ ಅರ್ಧ ಕೆಲಸ ಮುಗಿಯುವುದು ಆ ಉತ್ತರದಲ್ಲೇ.

ಬೀದಿಯ ಕಂಬದಿಂದ ಮನೆಯೊಳಗೆ ಬರುವ ಫೈಬರ್ ಲೈನು, ಅದು ಬಂದು ಸೇರುವ ರೂಟರ್ ಪೆಟ್ಟಿಗೆ, ಪೆಟ್ಟಿಗೆಗೂ ಕಂಪ್ಯೂಟರಿಗೂ ನಡುವಿನ ಗಾಳಿ, ಕೊನೆಗೆ ಕಂಪ್ಯೂಟರಿನೊಳಗಿನ ವೈಫೈ ಕಾರ್ಡು ಮತ್ತು ವಿಂಡೋಸ್. ಕೆಟ್ಟಿರುವುದು ಈ ನಾಲ್ಕರಲ್ಲಿ ಒಂದು. ಯಾವುದು ಎಂದು ತಿಳಿಯುವ ಮೊದಲೇ ಪಾಸ್‌ವರ್ಡ್ ಬದಲಿಸುವುದು, ರೂಟರ್ ರಿಸೆಟ್ ಮಾಡುವುದು, ಡ್ರೈವರ್ (ವೈಫೈ ಕಾರ್ಡನ್ನು ನಡೆಸುವ ತಂತ್ರಾಂಶ) ಅಳಿಸುವುದು ಶುರುವಾದರೆ ಒಂದು ತೊಂದರೆ ಇದ್ದಲ್ಲಿ ಮೂರಾಗುತ್ತದೆ. ಆದ್ದರಿಂದ ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಉಪಯೋಗವಾಗದಿದ್ದರೆ ಅದನ್ನು ಮೊದಲಿದ್ದ ಹಾಗೆ ಮಾಡಿ, ಆಮೇಲೆ ಮುಂದಿನದಕ್ಕೆ ಕೈಹಾಕಿ.

ಕೆಳಗಿನದೆಲ್ಲ ಮುಖ್ಯವಾಗಿ ವಿಂಡೋಸ್ 10 ಮತ್ತು 11ಕ್ಕೆ. ಮೆನುಗಳ ಹೆಸರು ಆವೃತ್ತಿಯಿಂದ ಆವೃತ್ತಿಗೆ ತುಸು ಅತ್ತಿತ್ತ ಆಗಬಹುದು.

ಮೊದಲು ಮೂರು ಪರೀಕ್ಷೆ

1. ಮೊಬೈಲಿನ ಡೇಟಾ ಆಫ್ ಮಾಡಿ, ಅದೇ ವೈಫೈಗೆ ಸೇರಿಸಿ, ಒಂದು ಹೊಸ ವೆಬ್‌ಸೈಟ್ ತೆರೆಯಿರಿ. ಡೇಟಾ ಆಫ್ ಮಾಡುವುದನ್ನು ಮರೆಯಬೇಡಿ. ವೈಫೈಯಲ್ಲಿ ನೆಟ್ ಇಲ್ಲದಿದ್ದರೆ ಇಂದಿನ ಫೋನ್‌ಗಳು ಸದ್ದಿಲ್ಲದೆ ಸಿಮ್ಮಿನ ಡೇಟಾಕ್ಕೆ ಜಾರುತ್ತವೆ. "ಮೊಬೈಲಲ್ಲಿ ಚೆನ್ನಾಗಿ ಬರ್ತಿದೆ" ಎಂಬ ಸುಳ್ಳು ಸಾಕ್ಷ್ಯ ಸಿಗುವುದು ಹೀಗೆ. ಫೋನಿನಲ್ಲೂ ಬರದಿದ್ದರೆ ತಪ್ಪು ಪೆಟ್ಟಿಗೆಯದು ಅಥವಾ ಲೈನಿನದು, ಕಂಪ್ಯೂಟರನ್ನು ಮುಟ್ಟಲೇಬೇಡಿ. ಬಂದರೆ ತಪ್ಪು ಗಾಳಿಯಲ್ಲಿದೆ ಅಥವಾ ಕಂಪ್ಯೂಟರಿನಲ್ಲಿದೆ.

2. ಲ್ಯಾಪ್‌ಟಾಪ್ ಆಗಿದ್ದರೆ ಎತ್ತಿಕೊಂಡು ಹೋಗಿ ರೂಟರ್ ಪಕ್ಕದಲ್ಲೇ ಇಟ್ಟು ನೋಡಿ. ಅಲ್ಲಿ ಸರಿಯಾಗಿ ನಡೆದರೆ ತೊಂದರೆ ದೂರದ್ದು, ಗೋಡೆಯದ್ದು. ಡೆಸ್ಕ್‌ಟಾಪ್ ಆದರೆ ಫೋನನ್ನು ಡೆಸ್ಕ್‌ಟಾಪ್ ಇರುವ ಜಾಗಕ್ಕೆ ತಂದು ಅಲ್ಲಿ ಪರೀಕ್ಷಿಸಿ.

3. ಮನೆಯಲ್ಲಿ ಲ್ಯಾನ್ ಕೇಬಲ್ ಇದ್ದರೆ ಕಂಪ್ಯೂಟರಿನಿಂದ ರೂಟರಿಗೆ ನೇರ ಚುಚ್ಚಿ. ಕೇಬಲಿನಲ್ಲಿ ನೆಟ್ ಬಂದು ವೈಫೈಯಲ್ಲಿ ಬರದಿದ್ದರೆ ಲೈನು, ಪೆಟ್ಟಿಗೆ ಎರಡೂ ಬಹುಮಟ್ಟಿಗೆ ನಿರಪರಾಧಿಗಳು. ಐದಡಿ ಕೇಬಲೊಂದನ್ನು ಮನೆಯಲ್ಲಿಟ್ಟುಕೊಳ್ಳಿ. ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಖಚಿತವಾಗಿ ಉತ್ತರ ಹೇಳುವ ಉಪಕರಣ ಬೇರೆ ಇಲ್ಲ.

ಫೋನಿನಲ್ಲೂ ಬರದಿದ್ದರೆ: ಪೆಟ್ಟಿಗೆಯ ದೀಪಗಳನ್ನು ಓದಿ

ಫೈಬರ್ ಸಂಪರ್ಕದಲ್ಲಿ ಗಾಜಿನ ನಾರಿನ ಎಳೆ ಬಂದು ಸೇರುವ ಪೆಟ್ಟಿಗೆಯ ನಿಜವಾದ ಹೆಸರು ಓಎನ್‌ಟಿ. ಕೇಬಲ್ ಹುಡುಗರ ಬಾಯಲ್ಲಿ ಅದು ಮೋಡೆಮ್ಮೂ ಹೌದು, ರೂಟರ್ರೂ ಹೌದು. ಕೆಲವು ಮನೆಗಳಲ್ಲಿ ಅದರಲ್ಲೇ ವೈಫೈ ಇರುತ್ತದೆ, ಕೆಲವು ಮನೆಗಳಲ್ಲಿ ಪಕ್ಕಕ್ಕೆ ಬೇರೆ ರೂಟರ್ ಇಟ್ಟಿರುತ್ತಾರೆ. ಮುಂಭಾಗದ ದೀಪಗಳಲ್ಲಿ ಎರಡನ್ನು ಗುರುತಿಟ್ಟುಕೊಳ್ಳಿ: ಪಾನ್ (ಪಿ ಓ ಎನ್) ಮತ್ತು ಲಾಸ್ (ಎಲ್ ಓ ಎಸ್).

ಪಾನ್ ದೀಪ ಅಲುಗದೆ ಹಸಿರಾಗಿ ಉರಿಯುತ್ತಿದ್ದರೆ ನಿಮ್ಮ ಪೆಟ್ಟಿಗೆಯೂ ಕಂಪನಿಯ ಯಂತ್ರವೂ ಮಾತಾಡಿಕೊಳ್ಳುತ್ತಿವೆ ಎಂದರ್ಥ. ಅದು ಮಿನುಗುತ್ತಲೇ ಇದ್ದರೆ ಪೆಟ್ಟಿಗೆ ಕರೆಯುತ್ತಿದೆ, ಆಚೆಯಿಂದ ಒಪ್ಪಿಗೆ ಸಿಕ್ಕಿಲ್ಲ. ಲಾಸ್ ದೀಪ ಕೆಂಪಾದರೆ ಫೈಬರಿನಲ್ಲಿ ಬೆಳಕೇ ಬರುತ್ತಿಲ್ಲ: ಗಾಳಿಮಳೆಗೆ ಕೊಂಬೆ ಬಿದ್ದು ತಂತಿ ತುಂಡಾಗಿರಬಹುದು, ಅಳಿಲು ಕಡಿದಿರಬಹುದು, ರಸ್ತೆ ಅಗೆಯಲು ಬಂದ ಜೆಸಿಬಿ ಕಿತ್ತುಹಾಕಿರಬಹುದು. ಆಗ ನೀವು ಮನೆಯೊಳಗೆ ಮಾಡಬಹುದಾದ ಕೆಲಸ ಒಂದೇ. ಪೆಟ್ಟಿಗೆಯ ಹಿಂದೆ ಫೈಬರ್ ಎಳೆ ಎಲ್ಲಾದರೂ ಕಿರಿದಾಗಿ ಮಡಚಿಕೊಂಡಿದೆಯೇ, ಮೇಜಿನ ಕಾಲಿನಡಿ ಸಿಕ್ಕಿದೆಯೇ ನೋಡಿ, ಸಡಿಲ ಮಾಡಿ. ತಂತಿಯನ್ನು ಬಿಚ್ಚಿ ಅದರ ಹಸಿರು ತುದಿಯನ್ನು ಬೆರಳಿಂದ ಒರೆಸಬೇಡಿ. ಕಣ್ಣಿಗೆ ಹಿಡಿದು "ಬೆಳಕು ಬರ್ತಿದೆಯಾ" ಎಂದು ನೋಡಲೇಬೇಡಿ. ಅದರಲ್ಲಿ ಬರುವ ಲೇಸರ್ 1490 ನ್ಯಾನೋಮೀಟರಿನದು, ಕಣ್ಣಿಗೆ ಕಾಣುವುದೇ ಇಲ್ಲ. ಕಾಣದ್ದರಿಂದ ಕಣ್ಣು ಮುಚ್ಚಿಕೊಳ್ಳುವುದೂ ಇಲ್ಲ.

ದೀಪಗಳೆಲ್ಲ ಸರಿಯಿದ್ದೂ ನೆಟ್ ಇಲ್ಲವೇ? ರೀಚಾರ್ಜ್ ಮುಗಿದಿದೆಯೇ ನೋಡಿ. ಹೇಳಲು ನಾಚಿಕೆಯಾಗುವಷ್ಟು ಸಾಮಾನ್ಯ ಕಾರಣ ಇದು. ತಿಂಗಳ ಹಣ ಕಟ್ಟದಿದ್ದರೂ ಫೈಬರಿನಲ್ಲಿ ಬೆಳಕು ಬರುತ್ತಲೇ ಇರುತ್ತದೆ, ವೈಫೈ ಹೆಸರೂ ಕಾಣುತ್ತದೆ, ವೆಬ್‌ಸೈಟ್ ಮಾತ್ರ ತೆರೆಯುವುದಿಲ್ಲ. ಇನ್ನು ಪ್ಲಾನಿನ ಡೇಟಾ ಮಿತಿ ದಾಟಿದ್ದರೆ ನೆಟ್ ಪೂರ್ತಿ ನಿಲ್ಲದೆ ಆಮೆನಡಿಗೆಗೆ ಇಳಿಯುತ್ತದೆ. ತಿಂಗಳ ಮೊದಲ ವಾರ ಚುರುಕು, ಕೊನೆಯ ವಾರ ಮಂಕು ಎಂಬ ದೂರಿಗೆ ಇದೇ ಕಾರಣವಿದ್ದೀತು.

ಈಗ ಆಫ್-ಆನ್. ಓಎನ್‌ಟಿ, ರೂಟರ್ ಎರಡೂ ಇದ್ದರೆ ಎರಡರ ಪ್ಲಗ್ಗನ್ನೂ ಕಿತ್ತು ಅರ್ಧ ನಿಮಿಷ ಬಿಡಿ. ಮೊದಲು ಓಎನ್‌ಟಿ ಹಾಕಿ. ಪಾನ್ ದೀಪ ಮಿನುಗುವುದು ಬಿಟ್ಟು ಸ್ಥಿರವಾಗಿ ಉರಿದ ಮೇಲೆ ರೂಟರ್ ಹಾಕಿ. ಎರಡು ಮೂರು ನಿಮಿಷ ಕಾಯಿರಿ. ವೈಫೈ ಬಳಸುವ ರೇಡಿಯೊ ವಲಯಗಳಲ್ಲಿ ಒಂದಾದ 5 ಗಿಗಾಹರ್ಟ್ಸ್‌ನ ಕೆಲವು ಚಾನೆಲ್‌ಗಳನ್ನು ರೇಡಾರ್‌ಗಳೂ ಬಳಸುತ್ತವೆ. ಅಂಥ ಚಾನೆಲ್ ಹಿಡಿಯುವ ಮುನ್ನ ರೂಟರ್ ಕನಿಷ್ಠ 60 ಸೆಕೆಂಡ್ ಕಿವಿಗೊಟ್ಟು ಕೇಳಲೇಬೇಕೆಂಬ ನಿಯಮವಿದೆ, ಹಾಗಾಗಿ 5 ಗಿಗಾಹರ್ಟ್ಸ್‌ನ ವೈಫೈ ಹೆಸರು ತಡವಾಗಿ ಕಾಣಿಸಿದರೆ ಗಾಬರಿಯಾಗಬೇಡಿ.

ಪೆಟ್ಟಿಗೆಯ ಹಿಂದಿರುವ ಸೂಜಿ ತೂತಿನ ರಿಸೆಟ್ ಬಟನ್ ಮಾತ್ರ ಒತ್ತಬೇಡಿ. ಆಫ್-ಆನ್ ಮಾಡುವುದು ಬೇರೆ, ರಿಸೆಟ್ ಬೇರೆ. ಕಂಪನಿಯವರು ಹಾಕಿಕೊಟ್ಟ ಯೂಸರ್‌ನೇಮ್, ವಿಲ್ಯಾನ್ ಸಂಖ್ಯೆ (ಕಂಪನಿಯ ಜಾಲದೊಳಗೆ ನಿಮ್ಮ ಸಂಪರ್ಕದ ಗುರುತು), ವೈಫೈ ಹೆಸರು, ಪಾಸ್‌ವರ್ಡ್ ಎಲ್ಲ ರಿಸೆಟ್‌ನಲ್ಲಿ ಅಳಿಸಿಹೋಗುತ್ತವೆ. ಶನಿವಾರ ಸಂಜೆ ಅದನ್ನು ಒತ್ತಿದರೆ ಸೋಮವಾರ ಹುಡುಗ ಬರುವವರೆಗೂ ಮನೆಯವರೆಲ್ಲರ ಮುಖ ನೋಡುತ್ತ ಕೂರಬೇಕು.

ಕರೆಂಟ್ ಬಗ್ಗೆಯೂ ಎರಡು ಮಾತು. ಕರೆಂಟ್ ಹೋಗಿ ಇನ್ವರ್ಟರ್ ಹಿಡಿಯುವ ಆ ಕ್ಷಣಾರ್ಧದಲ್ಲಿ ಲೈಟು ಮಿಣುಕಿದ್ದೂ ಗೊತ್ತಾಗುವುದಿಲ್ಲ, ರೂಟರ್ ಮಾತ್ರ ಸತ್ತು ಹುಟ್ಟಿರುತ್ತದೆ. ಇನ್ವರ್ಟರಿನಲ್ಲಿ ಯುಪಿಎಸ್ ಮೋಡ್ ಇದ್ದರೆ ಅದಕ್ಕೆ ಬದಲಿಸಿ, ಇಲ್ಲವೇ ರೂಟರಿಗೆಂದೇ ಸಿಗುವ 12 ವೋಲ್ಟಿನ ಪುಟ್ಟ ಯುಪಿಎಸ್ ಹಾಕಿ. ಕೊಳ್ಳುವ ಮುನ್ನ ಅಡಾಪ್ಟರಿನ ಮೇಲೆ ಬರೆದಿರುವ ವೋಲ್ಟ್, ಆಂಪಿಯರ್ ಓದಿ. ಎಲ್ಲ ರೂಟರೂ 12 ವೋಲ್ಟಿನದಲ್ಲ. ಹಳೆಯ ಅಡಾಪ್ಟರ್ ಸೋತಿದ್ದರೆ ದೀಪ ಉರಿಯುತ್ತದೆ, ಆದರೆ ನಾಲ್ಕು ಜನ ವೀಡಿಯೊ ನೋಡತೊಡಗಿದ ಕೂಡಲೆ ಪೆಟ್ಟಿಗೆ ತಾನೇ ರೀಸ್ಟಾರ್ಟ್ ಆಗುತ್ತದೆ. ಮಲೆನಾಡು, ಕರಾವಳಿಯವರಿಗೆ ಗುಡುಗು-ಸಿಡಿಲಿನ ಪಾಠ ಹೇಳಬೇಕಿಲ್ಲ. ಆದರೂ "ಈಗ ಫೈಬರ್ ಅಲ್ವಾ, ಏನೂ ಆಗಲ್ಲ" ಎನ್ನುವವರಿಗೆ: ಗಾಜಿನ ಎಳೆಯಲ್ಲಿ ಸಿಡಿಲು ಹರಿಯುವುದಿಲ್ಲ, ಅಡಾಪ್ಟರಿನ ತಂತಿಯಲ್ಲಿ ಹರಿಯುತ್ತದೆ. ಪ್ಲಗ್ ಕಿತ್ತಿಡಿ.

ವೈಫೈ ಹೆಸರೇ ಕಂಪ್ಯೂಟರಿನಲ್ಲಿ ಕಾಣದಿದ್ದರೆ

ಇಲ್ಲಿಂದ ಮುಂದೆ ಫೋನಿನಲ್ಲಿ ನೆಟ್ ಇದೆ, ಕಂಪ್ಯೂಟರಿನಲ್ಲಿ ಮಾತ್ರ ಇಲ್ಲ ಎಂದುಕೊಳ್ಳೋಣ.

ಅಸೆಂಬಲ್ ಮಾಡಿಸಿದ ಡೆಸ್ಕ್‌ಟಾಪ್‌ಗಳಲ್ಲಿ ಅನೇಕಕ್ಕೆ ವೈಫೈ ಕಾರ್ಡೇ ಇರುವುದಿಲ್ಲ. ಸೆಟ್ಟಿಂಗ್ಸ್‌ನ ನೆಟ್‌ವರ್ಕ್ ಪುಟದಲ್ಲಿ ವೈಫೈ ಎಂಬ ಸಾಲೇ ಇಲ್ಲದಿದ್ದರೆ ಮೊದಲ ಅನುಮಾನ ಅದೇ. ಯುಎಸ್‌ಬಿ ಡಾಂಗಲ್ ಹಾಕಿದರೆ ಸಾಕು. ಮದರ್‌ಬೋರ್ಡಿನಲ್ಲೇ ವೈಫೈ ಇರುವ ಯಂತ್ರವಾದರೆ ಹಿಂಬದಿಯಲ್ಲಿ ಚಿನ್ನದ ಬಣ್ಣದ ಎರಡು ತಿರುಪುಗಳಿರುತ್ತವೆ. ಅವು ಆಂಟೆನಾ ಸಿಕ್ಕಿಸುವ ಜಾಗ. ಆ ಆಂಟೆನಾಗಳು ಡಬ್ಬದಲ್ಲೇ ಉಳಿದು, ಡಬ್ಬ ಅಟ್ಟ ಸೇರಿರುವುದು ಅಪರೂಪವಲ್ಲ. ಆಂಟೆನಾ ಇಲ್ಲದೆಯೂ ರೂಟರ್ ಪಕ್ಕದಲ್ಲಿದ್ದರೆ ಒಂದಿಷ್ಟು ಸಿಗ್ನಲ್ ಬರುತ್ತದೆ, ಅದಕ್ಕೇ ಯಾರಿಗೂ ಸಂಶಯ ಬರುವುದಿಲ್ಲ.

ಲ್ಯಾಪ್‌ಟಾಪಿನಲ್ಲಾದರೆ ಏರೋಪ್ಲೇನ್ ಮೋಡ್ ನೋಡಿ. ಮೇಲಿನ ಸಾಲಿನ ಎಫ್ ಕೀಗಳಲ್ಲೊಂದರ ಮೇಲೆ ವಿಮಾನದ ಅಥವಾ ಆಂಟೆನಾದ ಚಿತ್ರವಿರುತ್ತದೆ. ಕೀಬೋರ್ಡ್ ಒರೆಸುವಾಗ ಅದು ಒತ್ತಿಹೋಗುತ್ತದೆ. ಕೆಲವು ಹಳೆಯ ಮಾದರಿಗಳಲ್ಲಿ ಅಂಚಿನಲ್ಲಿ ಸಣ್ಣ ಸ್ವಿಚ್ಚೇ ಇರುತ್ತದೆ.

ಆಮೇಲೆ ಕಂಪ್ಯೂಟರನ್ನು ರೀಸ್ಟಾರ್ಟ್ ಮಾಡಿ. ಶಟ್‌ಡೌನ್ ಅಲ್ಲ, ರೀಸ್ಟಾರ್ಟ್. ವಿಂಡೋಸ್ 10, 11ರಲ್ಲಿ ಫಾಸ್ಟ್ ಸ್ಟಾರ್ಟಪ್ ಚಾಲೂ ಇದ್ದರೆ ಶಟ್‌ಡೌನ್ ಮಾಡಿದಾಗ ವ್ಯವಸ್ಥೆಯ ಒಳತಿರುಳನ್ನು ಡಿಸ್ಕಿಗೆ ಬರೆದಿಟ್ಟು ಮಲಗುತ್ತದೆ, ಮರುದಿನ ಅದನ್ನೇ ಎತ್ತಿಕೊಳ್ಳುತ್ತದೆ. ನಿನ್ನೆಯ ಗೊಂದಲವೂ ಜೊತೆಗೇ ಏಳುತ್ತದೆ. ರೀಸ್ಟಾರ್ಟ್‌ನಲ್ಲಿ ಎಲ್ಲ ಹೊಸದಾಗಿ ಶುರು. "ದಿನಾ ಆಫ್ ಮಾಡ್ತೀನಲ್ಲ" ಎನ್ನುವವರ ಯಂತ್ರಗಳೇ ಹೆಚ್ಚಾಗಿ ರೀಸ್ಟಾರ್ಟ್‌ನಿಂದ ಸರಿಹೋಗುತ್ತವೆ.

ಇನ್ನೂ ಇಲ್ಲವೆಂದರೆ ಸ್ಟಾರ್ಟ್ ಗುಂಡಿಯ ಮೇಲೆ ರೈಟ್ ಕ್ಲಿಕ್ ಮಾಡಿ ಡಿವೈಸ್ ಮ್ಯಾನೇಜರ್ ತೆರೆಯಿರಿ, ನೆಟ್‌ವರ್ಕ್ ಅಡಾಪ್ಟರ್ಸ್ ಬಿಡಿಸಿ. ವೈರ್‌ಲೆಸ್ ಅಥವಾ ವೈಫೈ ಎಂಬ ಪದವಿರುವ ಸಾಲಿಗೆ ಕೆಳಮುಖ ಬಾಣವಿದ್ದರೆ ಅದನ್ನು ಯಾರೋ ನಿಷ್ಕ್ರಿಯ ಮಾಡಿದ್ದಾರೆ. ರೈಟ್ ಕ್ಲಿಕ್ ಮಾಡಿ ಎನೇಬಲ್ ಕೊಡಿ. ಹಳದಿ ತ್ರಿಕೋನವಿದ್ದರೆ ಡ್ರೈವರಿನ ತಕರಾರು. ವಿಂಡೋಸ್ ಅಪ್‌ಡೇಟ್ ಆದ ಮರುದಿನವೇ ತೊಂದರೆ ಶುರುವಾಗಿದ್ದರೆ ಪ್ರಾಪರ್ಟೀಸ್‌ನ ಡ್ರೈವರ್ ಪುಟದಲ್ಲಿ ರೋಲ್ ಬ್ಯಾಕ್ ಒತ್ತಿ ಹಳೆಯದಕ್ಕೆ ಮರಳಿ. ಆ ಗುಂಡಿ ಮಂಕಾಗಿದ್ದರೆ ಅನ್‌ಇನ್‌ಸ್ಟಾಲ್ ಕೊಟ್ಟು ರೀಸ್ಟಾರ್ಟ್ ಮಾಡಿ, ವಿಂಡೋಸ್ ತಾನೇ ಮತ್ತೆ ಹಾಕಿಕೊಳ್ಳಲು ನೋಡುತ್ತದೆ. "ಡ್ರೈವರ್ ಅಳಿಸಿ" ಎಂಬ ಆಯ್ಕೆಗೆ ಟಿಕ್ ಹಾಕಬೇಡಿ.

ಹೊಸ ಡ್ರೈವರ್ ಇಳಿಸಲು ನೆಟ್ ಬೇಕು, ನೆಟ್ಟಿಗೆ ಡ್ರೈವರ್ ಬೇಕು. ಈ ಬಿಕ್ಕಟ್ಟಿಗೆ ಆಂಡ್ರಾಯ್ಡ್ ಫೋನಿದೆ. ಚಾರ್ಜಿಂಗ್ ಕೇಬಲಿನಿಂದ ಫೋನನ್ನು ಕಂಪ್ಯೂಟರಿಗೆ ಜೋಡಿಸಿ, ಫೋನಿನ ಹಾಟ್‌ಸ್ಪಾಟ್ ಮೆನುವಿನಲ್ಲಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ವೈಫೈ ಕಾರ್ಡಿನ ಹಂಗಿಲ್ಲದೆ ಕಂಪ್ಯೂಟರಿಗೆ ನೆಟ್ ಬರುತ್ತದೆ. ಆಗ ಲ್ಯಾಪ್‌ಟಾಪ್ ತಯಾರಿಸಿದ ಕಂಪನಿಯ ಸ್ವಂತ ಜಾಲತಾಣಕ್ಕೆ ಹೋಗಿ ನಿಮ್ಮ ಮಾದರಿ ಸಂಖ್ಯೆ ಹಾಕಿ ವೈಫೈ ಡ್ರೈವರ್ ಇಳಿಸಿ. "ಎಲ್ಲ ಡ್ರೈವರ್ ಒಂದೇ ಕ್ಲಿಕ್‌ನಲ್ಲಿ" ಎನ್ನುವ ತಂತ್ರಾಂಶಗಳ ಸಹವಾಸ ಬೇಡ.

ಒಂದು ವೈಫೈ ಹೆಸರು ಕಾಣುತ್ತದೆ, 5ಜಿ ಎಂದು ಕೊನೆಗೊಳ್ಳುವ ಇನ್ನೊಂದು ಕಾಣುವುದಿಲ್ಲ ಎಂದರೆ ಅದು ದೋಷವೇ ಅಲ್ಲದಿರಬಹುದು. ಆ 5ಜಿ ಮೊಬೈಲಿನ 5ಜಿ ಅಲ್ಲ, 5 ಗಿಗಾಹರ್ಟ್ಸ್. ಹಳೆಯ, ಅಗ್ಗದ ವೈಫೈ ಕಾರ್ಡುಗಳಿಗೆ 2.4 ಗಿಗಾಹರ್ಟ್ಸ್ ಬಿಟ್ಟು ಬೇರೇನೂ ಕೇಳಿಸುವುದಿಲ್ಲ.

ಹೆಸರು ಕಾಣುತ್ತದೆ, ಸೇರಿಕೊಳ್ಳುವುದಿಲ್ಲ

ಪಾಸ್‌ವರ್ಡ್ ಹಾಕುವಾಗ ಪಕ್ಕದ ಕಣ್ಣಿನ ಚಿಹ್ನೆ ಒತ್ತಿ, ಏನು ಟೈಪ್ ಆಗಿದೆ ಎಂದು ಕಣ್ಣಾರೆ ನೋಡಿ. ಸೊನ್ನೆಗೂ ಓ ಅಕ್ಷರಕ್ಕೂ, ಒಂದಕ್ಕೂ ಎಲ್‌ಗೂ ಸ್ಟಿಕ್ಕರಿನ ಮೇಲೆ ವ್ಯತ್ಯಾಸ ಕಾಣುವುದಿಲ್ಲ. ಕನ್ನಡ ಟೈಪ್ ಮಾಡುವವರು ಇನ್ನೊಂದನ್ನೂ ಗಮನಿಸಬೇಕು: ಮೂಲೆಯಲ್ಲಿ ಭಾಷೆ ಕನ್ನಡದಲ್ಲೇ ಉಳಿದಿದ್ದರೆ ವಿಂಡೋಸ್ ಕೀ ಜೊತೆ ಸ್ಪೇಸ್ ಬಾರ್ ಒತ್ತಿ ಇಂಗ್ಲಿಷಿಗೆ ಬದಲಿಸಿ.

ಮನೆಯಲ್ಲಿ ಯಾರೋ ಪಾಸ್‌ವರ್ಡ್ ಬದಲಿಸಿದ್ದರೆ ಕಂಪ್ಯೂಟರ್ ಹಳೆಯದನ್ನೇ ಹಿಡಿದುಕೊಂಡು ಒದ್ದಾಡುತ್ತಿರುತ್ತದೆ. ಸೆಟ್ಟಿಂಗ್ಸ್, ನೆಟ್‌ವರ್ಕ್ ಅಂಡ್ ಇಂಟರ್ನೆಟ್, ವೈಫೈ, ಮ್ಯಾನೇಜ್ ನೋನ್ ನೆಟ್‌ವರ್ಕ್ಸ್ ಎಂದು ಹೋಗಿ ನಿಮ್ಮ ಹೆಸರಿನ ಎದುರು ಫರ್ಗೆಟ್ ಒತ್ತಿ, ಮತ್ತೆ ಹೊಸದಾಗಿ ಸೇರಿಸಿ.

ಹೊಸ ರೂಟರ್ ಬಂದ ದಿನದಿಂದ ಹಳೆಯ ಕಂಪ್ಯೂಟರ್ ಮಾತ್ರ ಸೇರುತ್ತಿಲ್ಲವೆಂದರೆ ರೂಟರಿನ ಭದ್ರತೆ ಡಬ್ಲ್ಯುಪಿಎ3 ಎಂದಷ್ಟೇ ಇದೆಯೇ ನೋಡಿ. ಆ ಕ್ರಮ ಬಂದದ್ದು 2018ರಲ್ಲಿ. ಅದಕ್ಕಿಂತ ಹಳೆಯ ಕಾರ್ಡುಗಳಲ್ಲಿ ಅನೇಕಕ್ಕೆ ಅದರ ಪರಿಚಯವಿಲ್ಲ. ಡಬ್ಲ್ಯುಪಿಎ2 ಮತ್ತು 3 ಎರಡೂ ಇರುವ ಮಿಶ್ರ ಆಯ್ಕೆಗೆ ಬದಲಿಸಿ. ಪಾಸ್‌ವರ್ಡೇ ಇಲ್ಲದ ಓಪನ್ ಆಯ್ಕೆಗೆ ಮಾತ್ರ ಹೋಗಬೇಡಿ.

ಸೇರಿಕೊಂಡಿದೆ, ನೆಟ್ ಮಾತ್ರ ಇಲ್ಲ

ವೈಫೈ ಹೆಸರಿನ ಕೆಳಗೆ "ನೋ ಇಂಟರ್ನೆಟ್, ಸೆಕ್ಯೂರ್ಡ್" ಎಂದಿದೆ, ಫೋನಿನಲ್ಲಿ ಚೆನ್ನಾಗಿದೆ. ಈಗ ಕಪ್ಪು ಕಿಟಕಿ ತೆರೆಯಬೇಕು. ಭಯ ಬೇಡ, ಇಲ್ಲಿ ಬರೀ ಪ್ರಶ್ನೆ ಕೇಳುತ್ತೇವೆ, ಏನನ್ನೂ ಬದಲಿಸುವುದಿಲ್ಲ. ವಿಂಡೋಸ್ ಕೀ ಮತ್ತು ಆರ್ ಒಟ್ಟಿಗೆ ಒತ್ತಿ, ಸಿ ಎಂ ಡಿ ಎಂಬ ಮೂರು ಇಂಗ್ಲಿಷ್ ಅಕ್ಷರ ಟೈಪ್ ಮಾಡಿ ಎಂಟರ್ ಕೊಡಿ.

ಮೊದಲ ಪ್ರಶ್ನೆ ಐಪಿಕಾನ್ಫಿಗ್. ಇಂಗ್ಲಿಷಿನಲ್ಲಿ ಜಾಗ ಬಿಡದೆ ipconfig ಎಂದು ಬರೆಯಿರಿ. ವೈಫೈ ಎಂಬ ತಲೆಬರಹದ ಕೆಳಗೆ ಐಪಿವಿ4 ಅಡ್ರೆಸ್ (ಮನೆಯ ಜಾಲದಲ್ಲಿ ನಿಮ್ಮ ಕಂಪ್ಯೂಟರಿನ ವಿಳಾಸ) ಮತ್ತು ಡೀಫಾಲ್ಟ್ ಗೇಟ್‌ವೇ ಎಂಬ ಎರಡು ಸಂಖ್ಯೆ ನೋಡಿಕೊಳ್ಳಿ. ಗೇಟ್‌ವೇ ಎಂದರೆ ನಿಮ್ಮ ರೂಟರ್, ಸಾಮಾನ್ಯವಾಗಿ 192.168.1.1 ಅಥವಾ 192.168.0.1. ಐಪಿ ವಿಳಾಸವು 169.254 ಎಂದು ಶುರುವಾಗಿದ್ದರೆ ರೂಟರ್ ನಿಮ್ಮ ಕಂಪ್ಯೂಟರಿಗೆ ವಿಳಾಸವನ್ನೇ ಕೊಟ್ಟಿಲ್ಲ, ವಿಂಡೋಸ್ ತಾನೇ ಒಂದನ್ನು ಹಾಕಿಕೊಂಡಿದೆ. ಫರ್ಗೆಟ್ ಮಾಡಿ ಮತ್ತೆ ಸೇರಿಸಿ. ರೂಟರ್ ಆಫ್-ಆನ್ ಮಾಡಿ. ಅದಕ್ಕೂ ಬಗ್ಗದಿದ್ದರೆ ವೈಫೈ ಪ್ರಾಪರ್ಟೀಸ್‌ನಲ್ಲಿ ಐಪಿ ಅಸೈನ್‌ಮೆಂಟ್ ಆಟೊಮ್ಯಾಟಿಕ್ ಎಂದೇ ಇದೆಯೇ ನೋಡಿ. ಹಳೆಯ ರೂಟರೊಂದನ್ನು ಮಹಡಿಯ ಮೇಲೆ ಎರಡನೆಯದಾಗಿ ಹಾಕಿಕೊಂಡವರ ಮನೆಯಲ್ಲಿ ಎರಡೂ ಯಂತ್ರಗಳು ವಿಳಾಸ ಹಂಚಲು ಹೊರಟು ಗೊಂದಲವಾಗುವುದುಂಟು. ಎರಡನೆಯದರಲ್ಲಿ ವಿಳಾಸ ಹಂಚುವ ಡಿಎಚ್‌ಸಿಪಿ ಆಫ್ ಮಾಡಿ, ಅದರ ಸ್ವಂತ ವಿಳಾಸವನ್ನು ಮೊದಲನೆಯದಕ್ಕಿಂತ ಬೇರೆ ಮಾಡಿ, ಕೇಬಲನ್ನು ಅದರ ಲ್ಯಾನ್ ತೂತಿಗೆ ಚುಚ್ಚಿ.

ಎರಡನೆಯ ಪ್ರಶ್ನೆ ಪಿಂಗ್, ಅಂದರೆ ಇನ್ನೊಂದು ಯಂತ್ರವನ್ನು ಕೂಗಿ ಉತ್ತರ ಬರುತ್ತದೆಯೇ ನೋಡುವುದು. ಪಿ ಐ ಎನ್ ಜಿ ಎಂದು ಬರೆದು, ಒಂದು ಜಾಗ ಬಿಟ್ಟು, ಈ ಮೂರನ್ನು ಒಂದೊಂದಾಗಿ ಹಾಕಿ ಎಂಟರ್ ಕೊಡಿ: ನಿಮ್ಮ ಗೇಟ್‌ವೇ ಸಂಖ್ಯೆ, ಆಮೇಲೆ 8.8.8.8 (ಹೊರಜಗತ್ತಿನಲ್ಲಿರುವ ಗೂಗಲ್‌ನ ವಿಳಾಸ), ಆಮೇಲೆ ಗೂಗಲ್ ಡಾಟ್ ಕಾಮ್. ಮೊದಲನೆಯದಕ್ಕೇ ಉತ್ತರ ಬರದಿದ್ದರೆ ಕಂಪ್ಯೂಟರಿಗೂ ರೂಟರಿಗೂ ನಡುವೆಯೇ ತೊಡಕು. ಮೊದಲನೆಯದು ಬಂದು ಎರಡನೆಯದು ಬರದಿದ್ದರೆ ರೂಟರಿನಿಂದ ಆಚೆ. ಎರಡೂ ಬಂದು ಮೂರನೆಯದು ಮಾತ್ರ ಸೋತರೆ ಹೆಸರನ್ನು ಸಂಖ್ಯೆಗೆ ತಿರುಗಿಸುವ ಡಿಎನ್‌ಎಸ್ ಕೆಟ್ಟಿದೆ. ಅದೇ ವೈಫೈ ಪ್ರಾಪರ್ಟೀಸ್‌ನಲ್ಲಿ ಡಿಎನ್‌ಎಸ್ ಅಸೈನ್‌ಮೆಂಟ್ ಎಡಿಟ್ ಮಾಡಿ, ಮ್ಯಾನ್ಯುಯಲ್ ಆರಿಸಿ, ಐಪಿವಿ4ರಲ್ಲಿ 8.8.8.8 ಮತ್ತು 1.1.1.1 ಹಾಕಿ. ಮೊದಲನೆಯದು ಗೂಗಲ್‌ನದು, ಎರಡನೆಯದು ಕ್ಲೌಡ್‌ಫ್ಲೇರ್‌ನದು.

ಮೂರೂ ಉತ್ತರಿಸಿ, ಆದರೂ ಬ್ರೌಸರ್ ಮಾತ್ರ ಹಟ ಹಿಡಿದಿದೆಯೇ? ಕಚೇರಿಯ ಜಾಲಕ್ಕೆ ಸೇರಿಸುವ ವಿಪಿಎನ್ ಅರ್ಧ ಸಂಪರ್ಕದಲ್ಲಿ ನಿಂತಿರಬಹುದು, ಕಡಿದುಹಾಕಿ. ಸೆಟ್ಟಿಂಗ್ಸ್‌ನ ಪ್ರಾಕ್ಸಿ (ನೆಟ್ಟನ್ನು ನಡುವಿನ ಇನ್ನೊಂದು ಯಂತ್ರದ ಮೂಲಕ ಕಳಿಸುವ ವ್ಯವಸ್ಥೆ) ಪುಟದಲ್ಲಿ ಯಾವುದೋ ತಂತ್ರಾಂಶ ಬಿಟ್ಟುಹೋದ ವಿಳಾಸವಿದ್ದರೆ ಆಫ್ ಮಾಡಿ.

ಹಳೆಯ ಡೆಸ್ಕ್‌ಟಾಪಿನಲ್ಲಿ ಪ್ರತಿಯೊಂದು ಸೈಟೂ "ನಿಮ್ಮ ಸಂಪರ್ಕ ಸುರಕ್ಷಿತವಲ್ಲ" ಎಂದು ಹೆದರಿಸುತ್ತಿದ್ದರೆ ಮೂಲೆಯ ಗಡಿಯಾರ ನೋಡಿ. ಮದರ್‌ಬೋರ್ಡಿನ ಗುಂಡಿ ಬ್ಯಾಟರಿ ಸತ್ತಿದ್ದರೆ, ಪ್ಲಗ್ ತೆಗೆದು ಹಾಕಿದ ಪ್ರತಿಸಲ ದಿನಾಂಕ ಎಷ್ಟೋ ವರ್ಷ ಹಿಂದಕ್ಕೆ ಹೋಗುತ್ತದೆ. ವೆಬ್‌ಸೈಟುಗಳ ಪ್ರಮಾಣಪತ್ರಗಳಿಗೆ ಶುರು ದಿನಾಂಕ, ಕೊನೆ ದಿನಾಂಕ ಇರುವುದರಿಂದ ಆ ಗಡಿಯಾರದ ಪ್ರಕಾರ ಯಾವ ಪತ್ರವೂ ಇನ್ನೂ ಹುಟ್ಟೇ ಇಲ್ಲ. ದಿನಾಂಕ ಸರಿಮಾಡಿ. ಬ್ಯಾಟರಿ ಸಾಮಾನ್ಯವಾಗಿ ಸಿಆರ್2032, ವಾಚಿನಂಗಡಿಯಲ್ಲಿ ಸಿಗುತ್ತದೆ.

ಎಲ್ಲ ಆದ ಮೇಲೂ ಬಗ್ಗದ ಯಂತ್ರಕ್ಕೆ ಕೊನೆಯ ಅಸ್ತ್ರ ನೆಟ್‌ವರ್ಕ್ ರಿಸೆಟ್. ಸೆಟ್ಟಿಂಗ್ಸ್‌ನ ಅಡ್ವಾನ್ಸ್ಡ್ ನೆಟ್‌ವರ್ಕ್ ಸೆಟ್ಟಿಂಗ್ಸ್‌ನಲ್ಲಿ ಸಿಗುತ್ತದೆ. ಉಳಿಸಿಕೊಂಡ ವೈಫೈ ಪಾಸ್‌ವರ್ಡುಗಳೆಲ್ಲ ಹೋಗುತ್ತವೆ, ವಿಪಿಎನ್ ತಂತ್ರಾಂಶವನ್ನು ಮತ್ತೆ ಹಾಕಬೇಕಾದೀತು. ಕಚೇರಿ ಲ್ಯಾಪ್‌ಟಾಪಿನಲ್ಲಿ ಅಲ್ಲಿನ ಐಟಿಯವರನ್ನು ಕೇಳದೆ ಮಾಡಬೇಡಿ.

ನಿಧಾನ, ಮತ್ತೆ ಮತ್ತೆ ಕಡಿದುಹೋಗುವುದು

ನಿಜವಾದ ತಲೆನೋವು ಇದು. ಪೂರ್ತಿ ಕೆಟ್ಟದ್ದನ್ನು ಹುಡುಕುವುದು ಸುಲಭ. ಟೆಕ್ನಿಷಿಯನ್ ಬಂದಾಗ ಮಾತ್ರ ಸರಿಯಾಗಿ ನಡೆಯುವುದನ್ನು ಹುಡುಕುವುದು ಕಷ್ಟ.

ಕಪ್ಪು ಕಿಟಕಿಯನ್ನು ಎರಡು ತೆರೆಯಿರಿ. ಒಂದರಲ್ಲಿ ಗೇಟ್‌ವೇಗೆ, ಇನ್ನೊಂದರಲ್ಲಿ 8.8.8.8ಕ್ಕೆ ಪಿಂಗ್ ಮಾಡಿ. ಎರಡರ ಕೊನೆಯಲ್ಲೂ ಒಂದು ಜಾಗ ಬಿಟ್ಟು, ಅಡ್ಡಗೆರೆ ಹಾಕಿ ಟಿ ಅಕ್ಷರ (-t) ಸೇರಿಸಿದರೆ ನಿಲ್ಲಿಸುವವರೆಗೂ ಕೇಳುತ್ತಲೇ ಇರುತ್ತದೆ. ನಿಲ್ಲಿಸಲು ಕಂಟ್ರೋಲ್ ಮತ್ತು ಸಿ. ನಿಮ್ಮ ಕೆಲಸ ಮಾಡಿಕೊಳ್ಳುತ್ತಿರಿ. ನೆಟ್ ಕಡಿದ ಕ್ಷಣದಲ್ಲಿ ಎರಡೂ ಕಿಟಕಿ ನೋಡಿ. ರೂಟರಿನ ಉತ್ತರವೇ ತಪ್ಪಿದ್ದರೆ, ಅಥವಾ ಸಾಧಾರಣವಾಗಿ ಕೆಲವೇ ಮಿಲಿಸೆಕೆಂಡಿನಲ್ಲಿ ಬರುತ್ತಿದ್ದದ್ದು ನೂರಾರಕ್ಕೆ ಏರಿದ್ದರೆ ಗಾಳಿಯ ದೋಷ. ರೂಟರ್ ಸಲೀಸಾಗಿ ಉತ್ತರಿಸುತ್ತ 8.8.8.8 ಮಾತ್ರ ತಪ್ಪಿದ್ದರೆ ಲೈನಿನ ದೋಷ. ಎರಡನೆಯದಾದರೆ ಆ ಪರದೆಯ ಫೋಟೊ ತೆಗೆದಿಟ್ಟುಕೊಳ್ಳಿ, ದೂರು ಕೊಡುವಾಗ ಬೇಕಾಗುತ್ತದೆ.

ಗಾಳಿಯದಾದರೆ, ರೂಟರ್ ಎಲ್ಲಿದೆ ಎಂದು ಮೊದಲು ನೋಡಿ. ನಮ್ಮ ಮನೆಗಳಲ್ಲಿ ಫೈಬರ್ ಒಳಬಂದ ಮೊದಲ ಕಿಟಕಿಯ ಪಕ್ಕ, ಟಿವಿಯ ಹಿಂದೆ, ಶೋಕೇಸಿನ ಒಳಗೆ, ಅಂದ ಕೆಡಬಾರದೆಂದು ಬಾಗಿಲು ಮುಚ್ಚಿ ಇಟ್ಟಿರುತ್ತೇವೆ. ರೇಡಿಯೊ ಅಲೆಗೆ ಲೋಹ ಮತ್ತು ನೀರು ಬದ್ಧವೈರಿಗಳು: ಕಬ್ಬಿಣದ ಬೀರು, ಫ್ರಿಜ್ಜು, ಮೀನಿನ ತೊಟ್ಟಿ, ಟಿವಿಯ ಲೋಹದ ಬೆನ್ನು, ದೊಡ್ಡ ಕನ್ನಡಿಯ ಹಿಂದಿನ ಲೋಹದ ಲೇಪ. ಕರಾವಳಿಯ ಮುರಕಲ್ಲಿನ ಗೋಡೆ, ಹಳೆ ಮನೆಗಳ ಮೊಳದಪ್ಪದ ಮಣ್ಣುಗೋಡೆ, ಕಬ್ಬಿಣದ ಸರಳಿರುವ ಆರ್‌ಸಿಸಿ ಚಾವಣಿ ಇವೆಲ್ಲ ಅಲೆಯನ್ನು ಚೆನ್ನಾಗಿ ನುಂಗುತ್ತವೆ, 5 ಗಿಗಾಹರ್ಟ್ಸನ್ನು ಇನ್ನೂ ಹೆಚ್ಚು. ರೂಟರನ್ನು ಆಳೆತ್ತರದಲ್ಲಿ, ತೆರೆದ ಜಾಗದಲ್ಲಿ, ಕಂಪ್ಯೂಟರಿನತ್ತ ಆದಷ್ಟು ಕಡಿಮೆ ಗೋಡೆ ಬರುವಂತೆ ಇಡಿ. ಬಾಗಿಲಿನ ನೇರಕ್ಕೆ ಒಂದೆರಡು ಅಡಿ ಸರಿಸಿದರೂ ವ್ಯತ್ಯಾಸ ಕಾಣುತ್ತದೆ.

ಡೆಸ್ಕ್‌ಟಾಪಿನಲ್ಲಿ ಇನ್ನೊಂದು ಸಂಗತಿಯಿದೆ. ಬೆರಳುಗುರು ಗಾತ್ರದ ಯುಎಸ್‌ಬಿ ಡಾಂಗಲನ್ನು ಹಿಂಬದಿಯಲ್ಲಿ ಚುಚ್ಚಿದರೆ ಮುಂದೆ ಲೋಹದ ಕ್ಯಾಬಿನೆಟ್, ಹಿಂದೆ ಗೋಡೆ. ಅದು ಉಸಿರುಗಟ್ಟಿ ಕೂರುತ್ತದೆ. ಜೊತೆಗೆ ಯುಎಸ್‌ಬಿ 3 ಪೋರ್ಟುಗಳು ಕೆಲಸ ಮಾಡುವಾಗ 2.4 ಗಿಗಾಹರ್ಟ್ಸ್ ವಲಯದಲ್ಲಿ ಗದ್ದಲ ಎಬ್ಬಿಸುತ್ತವೆ; ಇಂಟೆಲ್ 2012ರಲ್ಲೇ ಇದನ್ನು ಅಳೆದು ಪ್ರಕಟಿಸಿದೆ. ಪಕ್ಕದಲ್ಲಿ ಹೊರಗಿನ ಹಾರ್ಡ್ ಡಿಸ್ಕ್ ಹಾಕಿ ಕಡತ ನಕಲು ಮಾಡುವಾಗಲೇ ವೈಫೈ ಕಡಿಯುತ್ತದೆಯೆಂದರೆ ಇದೇ. ಒಂದು ಮೀಟರಿನ ಯುಎಸ್‌ಬಿ ಎಕ್ಸ್‌ಟೆನ್ಷನ್ ತಂದು ಡಾಂಗಲನ್ನು ಮೇಜಿನ ಮೇಲೆ ಇಡಿ.

ಮುಂದಿನದು ಜನಸಂದಣಿ. ಸೆಟ್ಟಿಂಗ್ಸ್‌ನ ವೈಫೈ ಪ್ರಾಪರ್ಟೀಸ್ ಪುಟದ ಕೆಳಭಾಗದಲ್ಲಿ ನೆಟ್‌ವರ್ಕ್ ಬ್ಯಾಂಡ್, ಚಾನೆಲ್, ಲಿಂಕ್ ಸ್ಪೀಡ್ ಬರೆದಿರುತ್ತದೆ. ಬ್ಯಾಂಡ್ 2.4 ಎಂದಿದ್ದು, ನಿಮ್ಮದು ಬೆಂಗಳೂರಿನ ಅಪಾರ್ಟ್‌ಮೆಂಟ್ ಆಗಿದ್ದರೆ ಸುತ್ತಲಿನ ಹತ್ತಾರು ಮನೆಗಳೂ ಅಲ್ಲೇ ಕೂಗಾಡುತ್ತಿವೆ. 2.4ರಲ್ಲಿ ಹೆಸರಿಗೆ 13 ಚಾನೆಲ್ ಇದ್ದರೂ ಒಂದರ ಮೇಲೊಂದು ಬೀಳದೆ ಇರುವಂಥವು 1, 6 ಮತ್ತು 11 ಮಾತ್ರ. ಮೈಕ್ರೋವೇವ್ ಒಲೆ, ಬ್ಲೂಟೂತ್, ತಂತಿಯಿಲ್ಲದ ಮೌಸು ಇವೂ ಅದೇ ನೆರೆಯವು. ನಮ್ಮಲ್ಲಿ 5 ಗಿಗಾಹರ್ಟ್ಸ್‌ನ ಬಹುಭಾಗ ಲೈಸೆನ್ಸ್ ಇಲ್ಲದ ಬಳಕೆಗೆ ತೆರೆದದ್ದು 2018ರಲ್ಲಿ. ಕಂಪ್ಯೂಟರ್, ರೂಟರ್ ಎರಡಕ್ಕೂ ಬರುವುದಾದರೆ, ಒಂದೇ ಕೋಣೆಯಲ್ಲಿ ಅಥವಾ ಒಂದು ಗೋಡೆಯ ಆಚೆಗಿದ್ದರೆ, ಎರಡನೆಯ ಯೋಚನೆಯಿಲ್ಲದೆ 5ಕ್ಕೆ ಹೋಗಿ. ಎರಡು ಮೂರು ಗೋಡೆ ದಾಟಬೇಕಾದರೆ 2.4 ಇರಲಿ, ಬ್ರೌಸರಿನಲ್ಲಿ ಗೇಟ್‌ವೇ ಸಂಖ್ಯೆ ಹಾಕಿ ರೂಟರಿನ ಪುಟಕ್ಕೆ ಹೋಗಿ ಚಾನೆಲನ್ನು 1, 6, 11ರಲ್ಲಿ ಒಂದೊಂದು ದಿನ ಇಟ್ಟು ನೋಡಿ, ಅಗಲವನ್ನು 20 ಮೆಗಾಹರ್ಟ್ಸ್‌ಗೆ ಇಳಿಸಿ. ತೋಟದ ನಡುವಿನ ಒಂಟಿ ಮನೆಯವರಿಗೆ ಈ ಪ್ಯಾರಾ ಬೇಕಿಲ್ಲ. ಅವರ ಶತ್ರು ಗೋಡೆ ಮಾತ್ರ.

ಒಂದಿಷ್ಟು ಲೆಕ್ಕವೂ ತಿಳಿದಿರಲಿ, ಇಲ್ಲದಿದ್ದರೆ ಇಲ್ಲದ ರೋಗಕ್ಕೆ ಮದ್ದು ಹುಡುಕುತ್ತೀರಿ. 100 ಎಂಬಿಪಿಎಸ್ ಪ್ಲಾನಿನಲ್ಲಿ ಡೌನ್‌ಲೋಡ್ ಕಿಟಕಿ 12 ಎಂಬಿ ಎಂದು ತೋರಿಸಿದರೆ ಅದು ಸರಿಯೇ. ಪ್ಲಾನು ಬಿಟ್‌ಗಳಲ್ಲಿ, ಕಿಟಕಿ ಬೈಟ್‌ಗಳಲ್ಲಿ, ಒಂದು ಬೈಟ್‌ಗೆ 8 ಬಿಟ್. ಪೆಟ್ಟಿಗೆಯ ಮೇಲೆ 300 ಎಂಬಿಪಿಎಸ್ ಎಂದು ಅಚ್ಚಾಗಿದ್ದರೂ ಎರಡು ಆಂಟೆನಾದ 2.4 ರೂಟರ್ 20 ಮೆಗಾಹರ್ಟ್ಸ್ ಅಗಲದಲ್ಲಿ 144ಕ್ಕಿಂತ ಹೆಚ್ಚಿನ ಲಿಂಕ್ ಹಿಡಿಯುವುದಿಲ್ಲ, ಕೈಗೆ ಸಿಗುವುದು ಅದರ ಅರ್ಧದ ಆಸುಪಾಸು. 200ರ ಪ್ಲಾನು ಹಾಕಿಸಿಕೊಂಡು ಇಂಥ ಪೆಟ್ಟಿಗೆಯಲ್ಲಿ ನೋಡುತ್ತಿದ್ದರೆ ಹಣ ದಂಡ. ಕೇಬಲಿನಲ್ಲೂ ಸರಿಯಾಗಿ 100ರ ಹತ್ತಿರ ಗೋಡೆಗೆ ತಾಗಿದಂತೆ ನಿಂತರೆ ಲ್ಯಾನ್ ಕೇಬಲಿನ ಎಂಟು ಎಳೆಗಳಲ್ಲಿ ಒಂದು ಕಡಿದಿರಬಹುದು. ಗಿಗಾಬಿಟ್‌ಗೆ ಎಂಟೂ ಬೇಕು, 100ಕ್ಕೆ ನಾಲ್ಕು ಸಾಕು.

ಲ್ಯಾಪ್‌ಟಾಪ್ ಸ್ವಲ್ಪ ಹೊತ್ತು ಸುಮ್ಮನಿದ್ದು ಎದ್ದಾಗಲೆಲ್ಲ ವೈಫೈ ಕಳೆದುಕೊಳ್ಳುತ್ತದೆಯೇ? ಡಿವೈಸ್ ಮ್ಯಾನೇಜರಿನಲ್ಲಿ ವೈಫೈ ಕಾರ್ಡಿನ ಪ್ರಾಪರ್ಟೀಸ್ ತೆರೆದು, ಪವರ್ ಮ್ಯಾನೇಜ್‌ಮೆಂಟ್ ಪುಟವಿದ್ದರೆ ವಿದ್ಯುತ್ ಉಳಿಸಲು ಈ ಸಾಧನವನ್ನು ಆಫ್ ಮಾಡಬಹುದು ಎಂಬ ಟಿಕ್ ತೆಗೆಯಿರಿ.

ದೂರದ ಕೋಣೆಗೆ ರಿಪೀಟರ್ ಕೊಳ್ಳುವ ಮುನ್ನ ಯೋಚಿಸಿ. ಒಂದೇ ಬ್ಯಾಂಡಿನ ಅಗ್ಗದ ರಿಪೀಟರ್ ಕೇಳಿದ್ದನ್ನೇ ಮತ್ತೆ ಕೂಗುವುದರಿಂದ ವೇಗ ಸುಮಾರು ಅರ್ಧವಾಗುತ್ತದೆ. ಸಿಗ್ನಲ್ ಸತ್ತ ಕೋಣೆಯಲ್ಲೇ ಅದನ್ನು ಇಟ್ಟರೆ ಅದಕ್ಕೂ ಏನೂ ಕೇಳಿಸುವುದಿಲ್ಲ. ಅರ್ಧ ದಾರಿಯಲ್ಲಿ ಇಡಬೇಕು. ನನ್ನ ಮಾತು ಕೇಳುವುದಾದರೆ, ಒಂದೇ ಜಾಗದಲ್ಲಿ ಕೂರುವ ಡೆಸ್ಕ್‌ಟಾಪಿಗೆ ವೈಫೈಯೇ ಬೇಡ. ಗೋಡೆಯಂಚಿನಲ್ಲಿ ಕ್ಯಾಟ್ 6 ಕೇಬಲ್ ಎಳೆಸಿ. 100 ಮೀಟರಿನವರೆಗೆ ಚಿಂತೆಯಿಲ್ಲ.

ಲೈನಿನವರನ್ನು ಕರೆಯುವಾಗ

ಸಹಾಯವಾಣಿಯ ಸಂಖ್ಯೆಯನ್ನು ಬಿಲ್ಲಿನಿಂದ ಅಥವಾ ಕಂಪನಿಯ ಆ್ಯಪ್‌ನಿಂದ ತೆಗೆದುಕೊಳ್ಳಿ, ಸರ್ಚ್ ಮಾಡಿ ಮೊದಲು ಸಿಕ್ಕಿದ್ದಕ್ಕೆ ಕರೆ ಮಾಡಬೇಡಿ. ನಕಲಿ ಕಸ್ಟಮರ್ ಕೇರ್ ಹಾವಳಿ ಸಣ್ಣದಲ್ಲ. ನೆಟ್ ಸರಿಮಾಡುತ್ತೇನೆಂದು ನಿಮ್ಮ ಪರದೆ ಕಾಣುವ ಆ್ಯಪ್ ಹಾಕಿಸಿದರೆ, ಹತ್ತು ರೂಪಾಯಿ ಕಟ್ಟಿ ಎಂದರೆ, ಓಟಿಪಿ ಕೇಳಿದರೆ ಫೋನ್ ಇಟ್ಟುಬಿಡಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ದೂರು ಕೊಡುವಾಗ "ನೆಟ್ ಇಲ್ಲ" ಎನ್ನಬೇಡಿ. "ಲಾಸ್ ದೀಪ ಕೆಂಪಗಿದೆ" ಎನ್ನಿ, ಅಥವಾ "ಪಾನ್ ಸರಿಯಿದೆ, ಕೇಬಲಿನಲ್ಲೂ 8.8.8.8ಕ್ಕೆ ಪಿಂಗ್ ಕಡಿಯುತ್ತಿದೆ" ಎನ್ನಿ. "ಆಫ್ ಮಾಡಿ ಆನ್ ಮಾಡಿ ಸಾರ್" ಎಂಬ ಸುತ್ತು ಅಲ್ಲಿಗೇ ಮುಗಿಯುತ್ತದೆ. ಅವರು ಕೊಡುವ ಡಾಕೆಟ್ ಸಂಖ್ಯೆ, ಅಂದರೆ ದೂರಿನ ಸಂಖ್ಯೆ, ಬರೆದಿಟ್ಟುಕೊಳ್ಳಿ. ದೂರು ಬಗೆಹರಿಯದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಬರೆಯುವ ಹಕ್ಕು ದೂರಸಂಪರ್ಕ ನಿಯಂತ್ರಕ ಟ್ರಾಯ್‌ನ 2012ರ ನಿಯಮಗಳಲ್ಲಿದೆ, ಅದಕ್ಕೆ ಈ ಡಾಕೆಟ್ ಸಂಖ್ಯೆ ಬೇಕೇ ಬೇಕು. ಟ್ರಾಯ್ ತಾನೇ ಒಬ್ಬೊಬ್ಬರ ದೂರು ವಿಚಾರಿಸುವುದಿಲ್ಲ.

ಹುಡುಗ ಬಂದಾಗ ಫೈಬರ್ ತುದಿಗೆ ಮೀಟರ್ ಹಚ್ಚಿ ಎಷ್ಟು ಡಿಬಿಎಂ (ಬೆಳಕಿನ ಬಲದ ಅಳತೆ) ಬರುತ್ತಿದೆ ಎಂದು ತೋರಿಸಲು ಹೇಳಿ. ಮೈನಸ್ 20ರ ಆಸುಪಾಸಿದ್ದರೆ ಚೆನ್ನ. ಮೈನಸ್ 27ರ ಹತ್ತಿರವಿದ್ದರೆ ಸಾಮಾನ್ಯ ಓಎನ್‌ಟಿಯ ಮಿತಿ ಅಲ್ಲಿಗೇ ಮುಗಿಯಿತು. ಅಂದು ನಡೆದರೂ ಮುಂದಿನ ಮಳೆಗೆ ಮತ್ತೆ ಕಡಿಯುತ್ತದೆ, ಬೀದಿಯ ಜೋಡಣೆಯನ್ನೇ ಮತ್ತೆ ಮಾಡಿಸಬೇಕು. ವೇಗವನ್ನು ಅವನ ಫೋನಿನ ವೈಫೈಯಲ್ಲಿ ತೋರಿಸಿದರೆ ಒಪ್ಪಬೇಡಿ, ನಿಮ್ಮ ಕಂಪ್ಯೂಟರಿಗೆ ಕೇಬಲ್ ಚುಚ್ಚಿ ಅದರಲ್ಲಿ ತೋರಿಸಲಿ. ಓಎನ್‌ಟಿಯ ಯೂಸರ್‌ನೇಮ್, ಪಾಸ್‌ವರ್ಡ್, ವಿಲ್ಯಾನ್ ಸಂಖ್ಯೆ ಒಂದು ಚೀಟಿಯಲ್ಲಿ ಬರೆಸಿಕೊಂಡು ಪೆಟ್ಟಿಗೆಯ ಅಡಿಗೆ ಅಂಟಿಸಿ.